214ರ ಪಕ್ಕದ ‘ಪಿ’: ಲೈಬ್ರರಿ ಪಟ್ಟಿಯ ಸ್ಕ್ರಿಪ್ಟ್ ರಿಪೇರಿ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಲೈಬ್ರರಿಗೆ ಎರಡು ಪಟ್ಟಿ ಇವೆ. ಒಂದು ಹಳೇ ಕಂಪ್ಯೂಟರಿನ ಡೇಟಾಬೇಸ್ ಪ್ರೋಗ್ರಾಂ ಒಳಗೆ ನುಡಿ ಫಾಂಟಿನಲ್ಲಿದೆ. ಇನ್ನೊಂದು ಓದುಗರ ಫೋನಿಗೆ ಹೋಗುವ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಸಂಕೇತದ ಪಟ್ಟಿ. ಮೊದಲನೆಯದರಿಂದ ಎರಡನೆಯದನ್ನು ಮಾಡಿಕೊಡುವುದು ಒಂದು ಚಿಕ್ಕ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಲಿನಕ್ಸ್ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಸರಣಿ. ಸಂಘಕ್ಕೆ ಬರುತ್ತಿದ್ದ ಒಬ್ಬ ಹುಡುಗ ಅದನ್ನು ಬರೆದಿಟ್ಟು, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಪಾಪ, ಬಿಟ್ಟಿ ಮಾಡಿಕೊಟ್ಟ ಕೆಲಸ. ವರ್ಷಗಟ್ಟಲೆ ಓಡಿದೆ. ಯಾರೂ ತೆಗೆದು ನೋಡಿರಲಿಲ್ಲ.

ಈ ಸಲ ರಾಜ್ಯೋತ್ಸವಕ್ಕೆ ಪಟ್ಟಿಯನ್ನು ಅಚ್ಚು ಹಾಕಿಸೋಣ ಅಂತ ಸಂಘದವರು ಹೊರಟರು. ಕರಡು ಪ್ರತಿ ಟೀಚರ್ ಕೈಗೆ ಹೋಯಿತು. ಟೀಚರ್ ಅಂದರೆ ಲೈಬ್ರರಿ ನೋಡಿಕೊಳ್ಳುವವರು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಎಲ್ಲರಿಗೂ ಟೀಚರೇ. ಕೆಂಪು ಪೆನ್ನು ಇನ್ನೂ ಬಿಟ್ಟಿಲ್ಲ. ಗುರುತು ಹಾಕಿದ ಹಾಳೆಗಳನ್ನು ನನ್ನ ಮುಂದೆ ಇಟ್ಟು, “ಇದು ಎಂಥ ಮಾರಾಯ, ಹಳೇ ಪುಸ್ತಕಗಳಿಗೆಲ್ಲ ತಲೆಯೇ ಇಲ್ಲ” ಅಂದರು.

ದೂರುಗಳು ಹೀಗಿದ್ದವು. 214ನೇ ನಂಬರಿನ ಕನ್ನಡ ವ್ಯಾಕರಣದ ಪುಸ್ತಕದಲ್ಲಿ ‘ಕ’ ಇಲ್ಲ, ನಂಬರಿನ ಪಕ್ಕ ಮಾತ್ರ ಇಂಗ್ಲಿಷ್ ‘ಪಿ’ ಅಂಟಿಕೊಂಡಿದೆ. ‘ಗ’ದಿಂದ ಶುರುವಾಗುವ ಹೆಸರಾದರೆ ನಂಬರಿನ ಪಕ್ಕ ‘ಯು’. ‘ಅ’ ಆದರೆ ‘ಸಿ’. ‘ನ’ ಆದರೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ. ಪ್ರಕಟವಾದ ವರ್ಷ 1987 ಅಂತ ಇರಬೇಕಾದಲ್ಲಿ ಬರೀ 87. ಕಪಾಟಿನ ಗುರುತಿನಲ್ಲಿ ಅಡ್ಡಗೆರೆಗಳಿಲ್ಲ. ಕೆಲವು ಲೇಖಕರ ಹೆಸರಿನ ಮೊದಲ ಅಕ್ಷರ ಪುಸ್ತಕದ ಹೆಸರಿನ ಬಾಲಕ್ಕೆ ಹೋಗಿದೆ. ಹೊಸ ಪುಸ್ತಕಗಳಲ್ಲಿ ಮೊದಲನೆಯದು ಅಡ್ಡಾದಿಡ್ಡಿ, ಕೊನೆಯದು ಮಾಯ. ಕೊನೆಯ ಪುಟದ ಕೆಳಗೆ: ಒಟ್ಟು ಪುಸ್ತಕಗಳು 0.

“ಸಿ ಅಂದ್ರೆ ಕಾದಂಬರಿ ಅಂತ ಅವನೇ ಹಾಕಿದ್ದು ಅಲ್ವಾ?” ಅಂತ ಕಾರ್ಯದರ್ಶಿಗಳು ಕೇಳಿದರು. ಅಲ್ಲ.

ಫೈಲ್ ಒಳಗೆ ಏನಿದೆ

ಸ್ಕ್ರಿಪ್ಟಿಗೆ ಕೈ ಹಾಕುವ ಮೊದಲು ಫೈಲ್ ನೋಡಿದೆ. ಹಳೇ ಮೆಷಿನ್ನಿನ ಯುಎಸ್‌ಬಿ ಕಿಂಡಿ ಸತ್ತಿದೆ. ಅದರ ಹಾರ್ಡ್ ಡಿಸ್ಕ್ ಐಡಿಇ ಅನ್ನುವ ಹಳೇ ಜೋಡಣೆಯ ಕಾಲದ್ದು. ಅದನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿತು. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆ ರೈಲು ತಡೆಯುವ ಮೆಗಾ ಬ್ಲಾಕ್ ಇತ್ತು, ಗ್ರ್ಯಾಂಟ್ ರೋಡ್ ತನಕ ಹೋಗಿ ಬರುವಷ್ಟರಲ್ಲಿ ಸಾಕೋಸಾಕಾಯಿತು.

ಡೇಟಾಬೇಸ್ ಹೊರಗೆ ಕೊಡುವ ಪಠ್ಯ ಫೈಲಿನಲ್ಲಿ ಒಂದು ಪುಸ್ತಕಕ್ಕೆ ಒಂದು ಸಾಲು. ಅಲ್ಪವಿರಾಮ, ಟ್ಯಾಬ್ ಏನೂ ಇಲ್ಲ. ಪ್ರತಿ ವಿವರಕ್ಕೂ ಬೈಟ್ ಲೆಕ್ಕದಲ್ಲಿ ಅಳತೆ ಮಾಡಿದ ಜಾಗ. ಬೈಟ್ ಅಂದರೆ ಕಂಪ್ಯೂಟರ್ ಒಂದು ಅಕ್ಷರಕ್ಕೋ ಅದರ ತುಂಡಿಗೋ ಇಡುವ 0ರಿಂದ 255ರೊಳಗಿನ ಒಂದು ಸಂಖ್ಯೆ. ಮೊದಲ 4 ಬೈಟ್ ನಂಬರು, ಆಮೇಲೆ 48 ಬೈಟ್ ಪುಸ್ತಕದ ಹೆಸರು, 30 ಲೇಖಕರು, 10 ಕಪಾಟಿನ ಗುರುತು, 4 ವರ್ಷ. ಒಟ್ಟು 96. ಅದರ ಮೇಲೆ ಸಾಲು ಮುಗಿಯಿತು ಅನ್ನುವ ಎರಡು ಬೈಟ್, ಅಂದರೆ ವಿಂಡೋಸ್ ಪದ್ಧತಿಯ 13 ಮತ್ತು 10. ಹಾಗಾಗಿ ಸಾಲಿಗೆ 98.

ಇಂಥ ಫೈಲಿಗೆ ಒಂದು ಸುಲಭದ ಪರೀಕ್ಷೆ ಇದೆ. ಫೈಲಿನ ಒಟ್ಟು ಬೈಟ್ ಸಂಖ್ಯೆಯನ್ನು 98ರಿಂದ ಭಾಗಿಸಿ ನೋಡಿ. ನಮ್ಮದು 605641. ಭಾಗಿಸಿದರೆ 6180 ಬಂತು, 1 ಉಳಿಯಿತು. ಅಂದರೆ 6180 ಸಾಲು ಒಂದು ಬೈಟೂ ಹೆಚ್ಚುಕಮ್ಮಿ ಇಲ್ಲದೆ ಕೂತಿವೆ. ಟೀಚರ್ ಕಳೆದುಹೋದ ಪುಸ್ತಕದ ಸಾಲನ್ನೂ ಅಳಿಸಿಲ್ಲ, ಆದ್ದರಿಂದ ಕೊನೆಯ ನಂಬರೂ 6180. ಉಳಿದ ಆ ಒಂದು ಬೈಟ್ ಏನು? ಕೊನೆಯಲ್ಲಿ 26 ಇತ್ತು. ಡಾಸ್ ಕಾಲದ ಪ್ರೋಗ್ರಾಂಗಳು ಫೈಲ್ ಇಲ್ಲಿಗೆ ಮುಗಿಯಿತು ಅಂತ ಹೇಳಲು ಇಡುತ್ತಿದ್ದ ಗುರುತು ಅದು. ಇವತ್ತಿನ ಲಿನಕ್ಸಿಗೆ ಅದು ಬರೀ ಒಂದು ಅಕ್ಷರ, ಹೆಚ್ಚಿನ ಅರ್ಥವೇನೂ ಇಲ್ಲ. ಆದರೆ ಇದೇ ಬೈಟ್ ಮುಂದೆ ಒಂದು ತಮಾಷೆ ಮಾಡಿದೆ, ಹೇಳುತ್ತೇನೆ.

ಇನ್ನು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ರೂಪದಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ‘ಕನ್ನಡ’ ಅನ್ನುವ ಪದ ಫೈಲಿನಲ್ಲಿ 80, 192, 163, 192, 223, 113, 192 ಅಂತ ಏಳು ಬೈಟ್. 80 ಅಂದರೆ ಇಂಗ್ಲಿಷಿನ ‘ಪಿ’, ಇಲ್ಲಿ ‘ಕ’ದ ದೇಹ. 192 ತಲೆಕಟ್ಟು. 163 ಪೌಂಡ್ ಚಿಹ್ನೆ, ಇಲ್ಲಿ ‘ನ’. 223 ‘ನ’ದ ಒತ್ತು. 113 ‘ಕ್ಯೂ’, ಇಲ್ಲಿ ‘ಡ’. ಅದೇ ಪದ ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಐದು ಸಂಕೇತ, ಸಂಕೇತಕ್ಕೆ ಮೂರರಂತೆ ಹದಿನೈದು ಬೈಟ್.

ಹಾಗಾಗಿ ಒಂದು ನಿಯಮ ಆಗಲೇ ಕಣ್ಣಿಗೆ ಬಿತ್ತು. ಮೊದಲು ಕತ್ತರಿಸಬೇಕು, ಆಮೇಲೆ ಯೂನಿಕೋಡಿಗೆ ಬದಲಾಯಿಸಬೇಕು. ಮೊದಲೇ ಬದಲಾಯಿಸಿದರೆ 4, 48, 30 ಅನ್ನುವ ಅಳತೆಗಳಿಗೆ ಅರ್ಥವೇ ಇರುವುದಿಲ್ಲ. ಹುಡುಗನಿಗೂ ಇದು ಗೊತ್ತಿತ್ತು, ಸ್ಕ್ರಿಪ್ಟಿನಲ್ಲಿ ಹಾಗೇ ಮಾಡಿದ್ದಾನೆ. ತೊಂದರೆ ಇದ್ದಿದ್ದು ಅದಕ್ಕೂ ಮುಂಚೆ, ಸಾಲನ್ನು ಓದುವ ಜಾಗದಲ್ಲೇ.

ತಲೆ ಹೋದದ್ದು ಎಲ್ಲಿ

ಸ್ಕ್ರಿಪ್ಟಿನ ಎದೆಗೂಡು ಎಲ್ಲರಿಗೂ ಗೊತ್ತಿರುವಂಥದ್ದೇ. ಹಳೇ ಪುಸ್ತಕಗಳದ್ದು, ಹೊಸವದ್ದು ಅಂತ ಇರುವ ಎರಡು ಫೈಲುಗಳನ್ನು ಕ್ಯಾಟ್ ಆಜ್ಞೆಯಿಂದ ಜೋಡಿಸಿ, ಪೈಪ್ ಹಾಕಿ, ಅಂದರೆ ಬಂದದ್ದನ್ನು ಮುಂದಕ್ಕೆ ಹರಿಸಿ, ಸಾಲು ಸಾಲಾಗಿ ಓದುವ ‘ವೈಲ್ ರೀಡ್ ಲೈನ್’ ಲೂಪಿಗೆ ಕೊಡುವುದು. ಒಳಗೆ ಸಾಲನ್ನು ಅಳತೆ ಪ್ರಕಾರ ತುಂಡು ಮಾಡುವುದು. ನೋಡಲು ಮುದ್ದಾಗಿದೆ. ಆದರೆ ಬರೀ ‘ರೀಡ್’ ಅಂತ ಬರೆದರೆ ಬ್ಯಾಶ್ ಸಾಲನ್ನು ಇದ್ದ ಹಾಗೆ ಕೊಡುವುದಿಲ್ಲ. ಕೈಗೆ ಕೊಡುವ ಮೊದಲು ತನಗೆ ತೋಚಿದ ಹಾಗೆ ಚೊಕ್ಕ ಮಾಡುತ್ತದೆ.

ಮೊದಲ ಚೊಕ್ಕತನ: ಸಾಲಿನ ಮುಂದಿನ ಮತ್ತು ಹಿಂದಿನ ಖಾಲಿ ಜಾಗವನ್ನು ಒರೆಸಿಹಾಕುತ್ತದೆ. ಡೇಟಾಬೇಸ್ ನಂಬರನ್ನು ಬಲಕ್ಕೆ ಒತ್ತರಿಸಿ ಬರೆಯುತ್ತದೆ. 1000 ದಾಟಿದ ನಂಬರು ನಾಲ್ಕೂ ಜಾಗ ತುಂಬುತ್ತದೆ, ತೊಂದರೆ ಇಲ್ಲ. 214ರ ಮುಂದೆ ಒಂದು ಸ್ಪೇಸ್ ಇರುತ್ತದೆ, 87ರ ಮುಂದೆ ಎರಡು. ‘ರೀಡ್’ ಆ ಸ್ಪೇಸ್ ತಿಂದ ಕೂಡಲೇ ಇಡೀ ಸಾಲು ಎಡಕ್ಕೆ ಸರಿಯುತ್ತದೆ. ಲೋಕಲ್ ಟ್ರೇನ್ ಒಂದು ಬಾಗಿಲಿನಷ್ಟು ಮುಂದೆ ಹೋಗಿ ನಿಂತರೆ ಲೇಡೀಸ್ ಡಬ್ಬಿಗೆ ಕಾದವರ ಮುಂದೆ ಬೇರೆ ಡಬ್ಬಿ ಬಂದು ನಿಲ್ಲುತ್ತದಲ್ಲ, ಹಾಗೆ. ನಂಬರಿನ ನಾಲ್ಕು ಜಾಗಕ್ಕೆ 2, 1, 4 ಮತ್ತು ಪುಸ್ತಕದ ಹೆಸರಿನ ಮೊದಲ ಬೈಟ್ ಬಂದು ಕೂತವು. ‘ಕನ್ನಡ’ದ ಮೊದಲ ಬೈಟ್ 80, ಅದೇ ‘ಪಿ’. ಹೆಸರಿನ ಪಾಲಿಗೆ ಉಳಿದದ್ದು ಒಂಟಿ ತಲೆಕಟ್ಟು ಮತ್ತು ‘ನ್ನಡ’. ‘ನ’ದ 163 ಒಂಟಿಯಾಗಿ ಯುಟಿಎಫ್-8ರಲ್ಲಿ ಸಿಂಧುವಲ್ಲ, ಅದಕ್ಕೇ ಫೋನು ಕಪ್ಪು ವಜ್ರ ತೋರಿಸಿತು. ಹಳೇ ಪುಸ್ತಕಗಳಿಗೆ ಮಾತ್ರ ಈ ರೋಗ ಯಾಕೆ ಅನ್ನುವುದಕ್ಕೂ ಉತ್ತರ ಇದೇ. ಸಣ್ಣ ನಂಬರು ಇರುವುದು ಮೊದಲು ಕೊಂಡ ಪುಸ್ತಕಗಳಿಗೆ.

ಇದಕ್ಕೆ ಮದ್ದು ಚಿಕ್ಕದು. ‘ರೀಡ್’ನ ಮುಂದೆ ‘ಐಎಫ್‌ಎಸ್’ ಬರೆದು ಬರೀ ಸಮ ಚಿಹ್ನೆ ಹಾಕಿ ಬಿಟ್ಟುಬಿಡುವುದು. ಆ ಒಂದು ‘ರೀಡ್’ನ ಮಟ್ಟಿಗೆ ಒರೆಸುವ ಅಕ್ಷರ ಯಾವುದೂ ಇಲ್ಲ ಎಂದಾಗುತ್ತದೆ.

ಎರಡನೇ ಚೊಕ್ಕತನ ಹಿಂಬಾಗಿದ ಅಡ್ಡಗೆರೆ, ಅದೇ ಬ್ಯಾಕ್‌ಸ್ಲ್ಯಾಶ್. ಟೀಚರ್ ಕಪಾಟಿನ ಗುರುತನ್ನು ಮೂರನೇ ಕಪಾಟು, ‘ಬಿ’ ಹಲಗೆ, ಹದಿನೇಳನೇ ಪುಸ್ತಕ ಅಂತ ಮಧ್ಯೆ ಬ್ಯಾಕ್‌ಸ್ಲ್ಯಾಶ್ ಹಾಕಿ ಬರೆಯುತ್ತಾರೆ. ‘ಮೈನಸ್ ಆರ್’ ಅನ್ನುವ ಆಯ್ಕೆ ಕೊಡದ ‘ರೀಡ್’ ಬ್ಯಾಕ್‌ಸ್ಲ್ಯಾಶನ್ನು ಎತ್ತಿ ಬಿಸಾಡಿ ಮುಂದಿನ ಅಕ್ಷರವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಎರಡು ಗೆರೆ ಹೋದರೆ ಎರಡು ಬೈಟ್ ಹೋದ ಹಾಗೆ. ಅದರ ಹಿಂದಿದ್ದ ವರ್ಷ ಎರಡು ಜಾಗ ಎಡಕ್ಕೆ ಬಂತು. 19 ಕಪಾಟಿನ ಗುರುತಿನ ಬಾಲಕ್ಕೆ ಸೇರಿತು, ವರ್ಷದ ಜಾಗದಲ್ಲಿ 87 ಉಳಿಯಿತು. ಎರಡಂಕಿಯಲ್ಲಿ ಬರೆಯುವುದು ಹುಡುಗನ ಶೈಲಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು.

ಸಾಲಿನ ಕೊನೆಯ ಅಕ್ಷರವೇ ಬ್ಯಾಕ್‌ಸ್ಲ್ಯಾಶ್ ಆಗಿದ್ದರೆ ಇನ್ನೂ ಕಷ್ಟ. ‘ಮೈನಸ್ ಆರ್’ ಇಲ್ಲದ ‘ರೀಡ್’ ಮುಂದಿನ ಸಾಲನ್ನೂ ಇದಕ್ಕೇ ಅಂಟಿಸಿ ಎರಡು ಪುಸ್ತಕವನ್ನು ಒಂದು ಮಾಡುತ್ತದೆ. ನಮ್ಮ ಸಾಲಿನ ಕೊನೆಗೆ ವರ್ಷ, ಅದರ ಹಿಂದೆ 13 ಅನ್ನುವ ಬೈಟ್ ಕಾವಲಿತ್ತು. ಅಷ್ಟರಮಟ್ಟಿಗೆ ಬಚಾವ್.

ಮನೆಯೊಳಗೆ ಲಾಟ್ವಿಯಾ

‘ಐಎಫ್‌ಎಸ್’ ಮತ್ತು ‘ಮೈನಸ್ ಆರ್’ ಹಾಕಿದ ಮೇಲೂ ಲೇಖಕರ ಹೆಸರಿನ ಮೊದಲ ತುಂಡು ಅಲ್ಲಲ್ಲಿ ಕಳೆಯುತ್ತಲೇ ಇತ್ತು. ಎಲ್ಲ ಕಡೆ ಅಲ್ಲ. ಪುಸ್ತಕದ ಹೆಸರಿನಲ್ಲಿ ‘ಮನೆ’ ಇದ್ದರೆ ಖಂಡಿತ. ‘ಪುಸ್ತಕ’ ಇದ್ದರೂ. ‘ಕನ್ನಡ’ ಇದ್ದರೆ ಇಲ್ಲ. ಈ ಇಡೀ ರಿಪೇರಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

‘ಮನೆ’ ನುಡಿಯಲ್ಲಿ 170, 192, 196, 163, 201. ಬ್ಯಾಶ್ ಓಡುತ್ತಿದ್ದುದು ಯುಟಿಎಫ್-8 ಲೊಕೇಲಿನಲ್ಲಿ, ಅಂದರೆ ಭಾಷೆಯ ಸೆಟ್ಟಿಂಗಿನಲ್ಲಿ. ಅಲ್ಲಿ ಸಾಲಿನ ತುಂಡು ಕೇಳಿದರೆ ಬ್ಯಾಶ್ ಬೈಟ್ ಎಣಿಸುವುದಿಲ್ಲ, ಅಕ್ಷರ ಎಣಿಸುತ್ತದೆ. ಯುಟಿಎಫ್-8ರಲ್ಲಿ 194ರಿಂದ 223ರೊಳಗಿನ ಒಂದು ಬೈಟ್ ಬಂದು, ಅದರ ಹಿಂದೆಯೇ 128ರಿಂದ 191ರೊಳಗಿನ ಒಂದು ಬೈಟ್ ಬಂದರೆ ಅವೆರಡೂ ಸೇರಿ ಒಂದು ಅಕ್ಷರ. 196, 163 ಹಾಗೇ ಬಂದಿವೆ ನೋಡಿ. ‘ಮ’ದ ಕೊನೆಯ ಕೊಂಬು ಮತ್ತು ‘ನ’. ಬ್ಯಾಶ್ ಕಣ್ಣಿಗೆ ಅದು ಲಾಟ್ವಿಯಾದ ಭಾಷೆಯ ‘ಜಿ’. ‘ಪುಸ್ತಕ’ದಲ್ಲಿ 196ರ ಹಿಂದೆ 184, ಅಲ್ಲೂ ಎರಡು ಸೇರಿ ಒಂದು. ‘ಶ್ರೀನಿವಾಸ’ ಅಂತ ಹೆಸರಿದ್ದರೆ ದೀರ್ಘದ 195 ಮತ್ತು ‘ನಿ’ಯ 164 ಸೇರಿ ಜರ್ಮನ್ನರ ಎರಡು ಚುಕ್ಕಿಯ ‘ಎ’ ಆಗುತ್ತದೆ. ‘ಕನ್ನಡ’ ಪಾರಾದದ್ದು ಯಾಕೆಂದರೆ ಅದರ ತಲೆಕಟ್ಟು 192. ಯುಟಿಎಫ್-8ರಲ್ಲಿ 192 ಯಾವತ್ತೂ ಬರುವಂತಿಲ್ಲ, ಹಾಗಾಗಿ ಅದು ಯಾರ ಜೊತೆಯೂ ಕೂಡಿಕೊಳ್ಳುವುದಿಲ್ಲ.

ಎರಡು ಬೈಟನ್ನು ಒಂದು ಅಂತ ಎಣಿಸಿದರೆ 48 ಅಕ್ಷರ ತುಂಬಿಸಲು 49 ಬೈಟ್ ಬೇಕು. ಆ ಒಂದು ಬೈಟ್ ಲೇಖಕರ ಜೇಬಿನಿಂದ ಬಂತು. ಹೆಸರಿನಲ್ಲಿ ‘ಮನೆ’ಯೂ ಇದ್ದು ‘ಪುಸ್ತಕ’ವೂ ಇದ್ದರೆ ಎರಡು ಬೈಟ್.

ಮದ್ದು ಇಷ್ಟೇ. ಸ್ಕ್ರಿಪ್ಟಿನ ತಲೆಯಲ್ಲಿ ‘ಎಲ್‌ಸಿ ಆಲ್’ ಅನ್ನುವ ಲೊಕೇಲ್ ಸೆಟ್ಟಿಂಗಿಗೆ ‘ಸಿ’ ಅಂತ ಬೆಲೆ ಕೊಡುವುದು. ಆಗ ಬ್ಯಾಶ್ ಭಾಷೆಯ ಗೊಡವೆ ಬಿಟ್ಟು ಬೈಟ್ ಲೆಕ್ಕಕ್ಕೆ ಬರುತ್ತದೆ.

ಮೊದಲನೆಯದು ವಕ್ರ, ಕೊನೆಯದು ಮಾಯ

ಹೊಸ ಪುಸ್ತಕಗಳದ್ದು ಬೇರೆಯೇ ಕಥೆ. ಡೇಟಾಬೇಸ್ ಪ್ರೋಗ್ರಾಮಿನಲ್ಲಿ ಹೊಸ ಸಾಲು ಸೇರಿಸುವ ಪಾಸ್‌ವರ್ಡ್ ಈಗ ಯಾರಿಗೂ ಗೊತ್ತಿಲ್ಲ. ಅದಕ್ಕೆ ಟೀಚರ್ 6181ರಿಂದ ಮುಂದಿನವನ್ನು ನೋಟ್‌ಪ್ಯಾಡಿನಲ್ಲಿ, ಅದೇ ಅಳತೆಗೆ ಸ್ಪೇಸ್ ಹೊಡೆದು ಹೊಡೆದು, ಬೇರೆ ಫೈಲಿನಲ್ಲಿ ಬರೆದಿದ್ದಾರೆ. ಅವರ ತಾಳ್ಮೆಗೆ ಕೈ ಮುಗಿಯಬೇಕು.

ಈಗ ಆ 26 ಅನ್ನುವ ಬೈಟಿನ ತಮಾಷೆ. ದೊಡ್ಡ ಫೈಲಿನ ಕೊನೆಯಲ್ಲಿ ಅದು ಕೂತಿದೆ, ಅದಾದ ಮೇಲೆ ಹೊಸ ಸಾಲಿನ ಗುರುತಿಲ್ಲ. ‘ಕ್ಯಾಟ್’ ಎರಡು ಫೈಲನ್ನು ಬರೀ ಒಂದರ ಹಿಂದೆ ಒಂದು ಸುರಿಯುತ್ತದೆ. ಹಾಗಾಗಿ ಹೊಸ ಫೈಲಿನ ಮೊದಲ ಸಾಲು 26ರಿಂದ ಶುರುವಾಯಿತು. ನಂಬರಿನ ಜಾಗಕ್ಕೆ ಆ ಕಾಣದ ಬೈಟ್ ಮತ್ತು 618. ಹೆಸರಿನ ಶುರುವಿಗೆ 1. ಪಟ್ಟಿಯಲ್ಲಿ 618 ಎರಡು ಸಲ ಬಂದದ್ದು ಹೀಗೆ.

ಕೊನೆಯ ಪುಸ್ತಕ ಹೋದ ದಾರಿ ಹಳೆಯದೇ. ಟೀಚರ್ ಕೊನೆಯ ಸಾಲು ಬರೆದು ಎಂಟರ್ ಹೊಡೆಯದೆ ಸೇವ್ ಮಾಡುತ್ತಾರೆ. ನೋಟ್‌ಪ್ಯಾಡ್ ತಾನಾಗಿ ಏನನ್ನೂ ಸೇರಿಸುವುದಿಲ್ಲ. ‘ರೀಡ್’ ಆ ಸಾಲನ್ನು ಓದುತ್ತದೆ, ವೇರಿಯಬಲ್ಲಿನಲ್ಲಿ ತುಂಬುತ್ತದೆ, ಆದರೆ ಸಾಲಿನ ಕೊನೆ ಸಿಗುವ ಮೊದಲೇ ಫೈಲ್ ಮುಗಿದದ್ದರಿಂದ ‘ಆಗಲಿಲ್ಲ’ ಅಂತ ಉತ್ತರ ಕೊಡುತ್ತದೆ. ಲೂಪ್ ಅಲ್ಲಿಗೇ ನಿಲ್ಲುತ್ತದೆ. ಓದಿದ ಪುಸ್ತಕ ಕೈಯಲ್ಲೇ ಉಳಿಯುತ್ತದೆ, ಪಟ್ಟಿಗೆ ಹೋಗುವುದಿಲ್ಲ. ಸಾಲು ಎಣಿಸುವ ‘ಡಬ್ಲ್ಯೂಸಿ ಮೈನಸ್ ಎಲ್’ ಆಜ್ಞೆ ಕೂಡ ಇದನ್ನು ಎಣಿಸುವುದಿಲ್ಲ, ಅದು ಎಣಿಸುವುದು ಹೊಸ ಸಾಲಿನ ಬೈಟುಗಳನ್ನು. ಇದಕ್ಕೆ ರೂಢಿಯ ಉಪಾಯ ಲೂಪಿನ ಷರತ್ತಿಗೆ ‘ಅಥವಾ ಸಾಲು ಖಾಲಿ ಇಲ್ಲದಿದ್ದರೆ’ ಅಂತ ಸೇರಿಸುವುದು. ಆದರೆ ದೊಡ್ಡ ಫೈಲನ್ನು ಬೇರೆಯಾಗಿ ಓದಿದರೆ ಇದೇ ಉಪಾಯ ಆ ಒಂಟಿ 26ನ್ನೂ ಒಂದು ಪುಸ್ತಕ ಅಂತ ಒಳಗೆ ಕರೆಯುತ್ತದೆ. ಅದನ್ನು ಬಾಗಿಲಲ್ಲೇ ತಡೆಯಬೇಕು.

ಒಟ್ಟು 0 ಬಂದದ್ದು ಪೈಪಿನ ಕಾರಣಕ್ಕೆ. ಬ್ಯಾಶ್ ಪೈಪಿನ ಬಲಗಡೆಯ ಲೂಪನ್ನು ಬೇರೆ ಶೆಲ್ಲಿನಲ್ಲಿ, ಅಂದರೆ ತನ್ನದೇ ಇನ್ನೊಂದು ಪ್ರತಿಯಲ್ಲಿ ಓಡಿಸುತ್ತದೆ. ಅಲ್ಲಿ ಎಣಿಸಿದ್ದು ಅಲ್ಲೇ ಹೋಗುತ್ತದೆ. ಪೈಪ್ ಬಿಟ್ಟು ಲೂಪಿನ ಕೊನೆಗೆ ಫೈಲನ್ನು ಬಾಣದ ಗುರುತಿನಿಂದ ಕೊಟ್ಟರೆ ಲೆಕ್ಕ ಉಳಿಯುತ್ತದೆ.

ಪೈಥಾನಿಗೆ ಸಾಗಿಸಿದ್ದು

ಇಷ್ಟೆಲ್ಲ ತಿದ್ದಿ ಬ್ಯಾಶಿನಲ್ಲೇ ಮುಗಿಸಬಹುದಿತ್ತು. ಮುಗಿಸಲಿಲ್ಲ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದೆ. ಒಂದು ಕಾರಣ ವೇಗ. ಹೆಸರು, ಲೇಖಕರು ಎರಡನ್ನೂ ಯೂನಿಕೋಡಿಗೆ ಬದಲಾಯಿಸಲು ಹಳೇ ಸ್ಕ್ರಿಪ್ಟ್ ಪ್ರತಿ ಸಾಲಿಗೂ ಎರಡು ಸಲ ಹೊರಗಿನ ಪ್ರೋಗ್ರಾಂ ಕರೆಯುತ್ತಿತ್ತು. ಆರು ಸಾವಿರ ಸಾಲಿಗೆ ಹನ್ನೆರಡು ಸಾವಿರ ಸಲ ಪ್ರೋಗ್ರಾಂ ಎಬ್ಬಿಸಿ ಮಲಗಿಸುವ ಕೆಲಸ. ಇನ್ನೊಂದು ಕಾರಣ, ನನ್ನ ನಂತರ ಇದನ್ನು ನೋಡುವವರಿಗೆ ‘ಐಎಫ್‌ಎಸ್’ ಮುಂದಿನ ಖಾಲಿ ಜಾಗದ ಮಹಿಮೆ ಹೇಳುತ್ತಾ ಕೂರುವುದು ಯಾರಿಗೆ ಬೇಕು?

ಫೈಲ್ ಒಂದು ಎಂಬಿಯೂ ಇಲ್ಲ. ಇಡೀ ಫೈಲನ್ನು ಒಂದೇ ಗುಕ್ಕಿಗೆ ಓದಿದರೂ ಮೆಮರಿಗೆ ಗೊತ್ತೂ ಆಗುವುದಿಲ್ಲ. ಸಾಲು ಸಾಲಾಗಿ ಓದುವುದು ದೊಡ್ಡ ಫೈಲಿಗೆ ಮಾತ್ರ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಇಡೀ ಫೈಲನ್ನು ಒಟ್ಟಿಗೆ ಬದಲಾಯಿಸಲು ಹೋಗಿ ಕೆಟ್ಟರೆ ‘ಎಲ್ಲೋ ಏನೋ ಸರಿ ಇಲ್ಲ’ ಅಂತ ಗೊತ್ತಾಗುತ್ತದೆ, ಅಷ್ಟೇ. ಸಾಲು ಸಾಲಾಗಿ ಹೋದರೆ ಕೆಟ್ಟ ಸಾಲಿಗೆ ಒಂದು ವಿಳಾಸ ಸಿಗುತ್ತದೆ. ಆ ವಿಳಾಸ ಹಿಡಿದು ಟೀಚರ್ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆದು ನೋಡಬಹುದು. ಉಳಿದ ಸಾಲುಗಳು ಅದಕ್ಕಾಗಿ ಕಾಯಬೇಕಾಗಿಲ್ಲ.

ಫೈಲನ್ನು ಬೈನರಿ ಮೋಡಿನಲ್ಲಿ, ಅಂದರೆ ಬೈಟುಗಳು ಇದ್ದ ಹಾಗೇ ಸಿಗುವಂತೆ ತೆರೆದೆ. ಬೈನರಿ ಅಂದರೆ ಸಾಲು ಸಾಲಾಗಿ ಓದಲು ಬರುವುದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಬರುತ್ತದೆ. ‘ಫಾರ್’ ಲೂಪ್ ಹಾಕಿದರೆ 10 ಅನ್ನುವ ಬೈಟ್ ಸಿಕ್ಕ ಕಡೆಯೆಲ್ಲ ಒಂದೊಂದು ಸಾಲು ಮುರಿದು ಕೊಡುತ್ತದೆ. ಕೊನೆಯ ಸಾಲಿಗೆ ಎಂಟರ್ ಇಲ್ಲದಿದ್ದರೂ ಅದನ್ನು ಬಿಡುವುದಿಲ್ಲ. ‘ಎನ್ಯುಮರೇಟ್’ ಅನ್ನು 1ರಿಂದ ಶುರು ಮಾಡಿದರೆ ಸಾಲಿನ ನಂಬರೂ ಜೊತೆಗೆ ಬರುತ್ತದೆ. ಬೈಟುಗಳನ್ನೇ ಕತ್ತರಿಸುವುದರಿಂದ 4, 48, 30 ಅಂದರೆ 4, 48, 30 ಬೈಟೇ. ಲಾಟ್ವಿಯಾದ ಕಾಟ ಇಲ್ಲ.

ಬೈಟುಗಳನ್ನು ಅಕ್ಷರ ಮಾಡಿ ಕೊಡುವ ಪಠ್ಯ ಮೋಡಿನಲ್ಲಿ ಸುಮ್ನೆ ತೆರೆದರೆ ಏನಾಗುತ್ತದೆ? ಲಿನಕ್ಸಿನಲ್ಲಿ ಪೈಥಾನ್ ಸಾಮಾನ್ಯವಾಗಿ ಯುಟಿಎಫ್-8 ಅಂತ ಭಾವಿಸುತ್ತದೆ, 192 ಕಂಡ ಕೂಡಲೇ ಡಿಕೋಡ್ ಎರರ್ ಹೇಳಿ ನಿಲ್ಲುತ್ತದೆ. ಆಗ ‘ಎರರ್ಸ್ ಇಗ್ನೋರ್’ ಅಂತ ಸೇರಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ದಯವಿಟ್ಟು ಬೇಡ. ‘ಕನ್ನಡ’ವನ್ನು ಹಾಗೆ ಓದಿದರೆ 192, 163, 223 ಎಲ್ಲ ಸದ್ದಿಲ್ಲದೆ ಬಿದ್ದುಹೋಗಿ ‘ಪಿ’ ಮತ್ತು ‘ಕ್ಯೂ’ ಎರಡೇ ಉಳಿಯುತ್ತವೆ. ಎರರ್ ಹೋಯಿತು, ಕನ್ನಡವೂ ಹೋಯಿತು.

ಯುರೋಪಿನ ಅಕ್ಷರಗಳ ಸಂಕೇತವಾದ ಲ್ಯಾಟಿನ್-1 ಅಂತ ಹೇಳಿ ತೆರೆದರೆ ಎರರ್ ಬರುವುದಿಲ್ಲ, ಬೈಟಿಗೊಂದು ಅಕ್ಷರ ಸಿಗುತ್ತದೆ. ಅದೂ ಸರಿಯೇ, ಆದರೆ ಇಡೀ ಪಠ್ಯ ಓದಿ, ಅದನ್ನು ಸಾಲುಗಳಾಗಿ ಮುರಿಯುವ ‘ಸ್ಪ್ಲಿಟ್‌ಲೈನ್ಸ್’ ಕರೆಯಬಾರದು. ನಮ್ಮಲ್ಲಿ ಇಂಗ್ಲಿಷ್ ಪುಸ್ತಕಗಳೂ ಇವೆ. ಕೆಲವು ಹೆಸರಿನ ಕೊನೆಗೆ ಮೂರು ಚುಕ್ಕಿ. ವಿಂಡೋಸಿನಲ್ಲಿ ಆ ಮೂರು ಚುಕ್ಕಿ ಸೇರಿ ಒಂದೇ ಬೈಟ್, 133. ಲ್ಯಾಟಿನ್-1ರಲ್ಲಿ 133 ಅಂದರೆ ‘ಮುಂದಿನ ಸಾಲು’ ಅನ್ನುವ ನಿಯಂತ್ರಣ ಸಂಕೇತ. ‘ಸ್ಪ್ಲಿಟ್‌ಲೈನ್ಸ್’ ಅದನ್ನು ಗೌರವಿಸಿ ಅಲ್ಲೇ ಸಾಲು ಮುರಿಯುತ್ತದೆ. ಫೈಲಿನ ಮೇಲೆ ನೇರವಾಗಿ ಲೂಪ್ ಹಾಕಿದರೆ ಹಾಗೆ ಮುರಿಯುವುದಿಲ್ಲ. ತುದಿಯ ಖಾಲಿ ಜಾಗ ತೆಗೆಯುವ ‘ಸ್ಟ್ರಿಪ್’ ವಿಷಯದಲ್ಲೂ ಅಷ್ಟೇ. ಪಠ್ಯದ ಮೇಲೆ ಬರೀ ‘ಸ್ಟ್ರಿಪ್’ ಅಂದರೆ 133, 160 ಎರಡನ್ನೂ ಖಾಲಿ ಜಾಗ ಅಂತ ಕಿತ್ತುಹಾಕುತ್ತದೆ. ನಾನು ಸಾಲಿನ ಬಲತುದಿಯಿಂದ 13, 10 ಮಾತ್ರ ತೆಗೆಯುತ್ತೇನೆ, ಕತ್ತರಿಸಿದ ತುಂಡಿನ ಬಲತುದಿಯಿಂದ ಸ್ಪೇಸ್ ಮಾತ್ರ.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಭಾಗದಲ್ಲಿ ಒಂದು ದೊಡ್ಡ ಕೋಷ್ಟಕ ಇದೆ, ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು. 170, 192, 196 ಮೂರೂ ಸೇರಿ ‘ಮ’. 170, 192 ಅಷ್ಟೇ ನೋಡಿ ನಿಲ್ಲಿಸಿದರೆ ‘ವ’ ಆಗುತ್ತದೆ. ಕೋಷ್ಟಕಕ್ಕಿಂತ ತಲೆ ತಿನ್ನುವುದು ಕ್ರಮ. ನುಡಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ‘ಅಕ್ಕಿ’ ನುಡಿಯಲ್ಲಿ ಅ, ಕಿ, ಕ-ಒತ್ತು. ಯೂನಿಕೋಡಿನಲ್ಲಿ ಒತ್ತು ಬಂದ ಮೇಲೆ ಗುಡಿಸು. ‘ಕರ್ನಾಟಕ’ದಲ್ಲಿ ನುಡಿ ‘ನಾ’ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ, ಯೂನಿಕೋಡಿಗೆ ‘ರ್’ ಮೊದಲು ಬೇಕು. ಅರ್ಕಾವತ್ತು ಸಿಕ್ಕಿದಾಗ ಹಿಂದಿನ ಇಡೀ ಗುಣಿತಾಕ್ಷರವನ್ನು ದಾಟಿ ಹಿಂದೆ ಹೋಗಿ ‘ರ್’ ಇಟ್ಟು ಬರಬೇಕು. ಇದು ಒಂದು ತುಂಡಿನ ಒಳಗೇ ಮುಗಿಯುವ ಕೆಲಸ, ಪಕ್ಕದ ಸಾಲಿನ ಹಂಗಿಲ್ಲ.

ವಿಂಗಡಣೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಯೂನಿಕೋಡಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯಲ್ಲಿ. ‘ಳ’ದಿಂದ ಶುರುವಾಗುವ ಪುಸ್ತಕ ನಮ್ಮ ಲೈಬ್ರರಿಯಲ್ಲಿಲ್ಲ.

ಟೀಚರಿಗೆ ಕೊಟ್ಟ ಹಾಳೆ

ಪ್ರತಿ ಸಾಲಿಗೂ ಮೂರು ಪರೀಕ್ಷೆ. ಉದ್ದ 96 ಇದೆಯಾ? ಕೋಷ್ಟಕದಲ್ಲಿ ಇಲ್ಲದ ಬೈಟ್ ಯಾವುದಾದರೂ ಸಿಕ್ಕಿತಾ? ಹೆಸರಿನ 48ನೇ ಬೈಟ್ ಖಾಲಿ ಇದೆಯಾ? ಮೂರನೆಯದು ಸ್ವಲ್ಪ ವಿಚಿತ್ರ ಅನಿಸಬಹುದು. 48ನೇ ಬೈಟಿನ ತನಕ ಹೆಸರು ತುಂಬಿದೆ ಅಂದರೆ ಹೆಸರು ಅದಕ್ಕಿಂತ ಉದ್ದ ಇತ್ತು, ಹಳೇ ಪ್ರೋಗ್ರಾಂ ಕತ್ತರಿಸಿದೆ ಅನ್ನುವ ಸಂಶಯ. ಕತ್ತರಿ ಬಿದ್ದದ್ದು ಎಷ್ಟೋ ಸಲ ಅಕ್ಷರದ ನಡುವೆಯೇ, ದೇಹ ಉಳಿದು ತಲೆಕಟ್ಟು ಹೋಗಿದೆ. ಅದನ್ನು ಯಾವ ಸ್ಕ್ರಿಪ್ಟೂ ತಿರುಗಿ ತರಲಾರದು. ಪುಸ್ತಕ ತೆಗೆದು ನೋಡಲೇಬೇಕು.

ಪರೀಕ್ಷೆಯಲ್ಲಿ ಸೋತ ಸಾಲುಗಳು ಬೇರೆ ಫೈಲಿಗೆ ಹೋಗುತ್ತವೆ. ಮೊದಲ ಸಲ ಅದರಲ್ಲಿ ಸಾಲಿನ ನಂಬರು ಮತ್ತು ಕಾರಣ ಮಾತ್ರ ಬರೆಸಿದ್ದೆ. ಟೀಚರ್ ನೋಡಿ, “ನನಗೆ ನಿನ್ನ ಸಾಲು ಎಂಥಕ್ಕೆ ಮಾರಾಯ, ಕಪಾಟು ಹೇಳು” ಅಂದರು. ಸರಿ, ಕಪಾಟಿನ ಗುರುತು ಮೊದಲು, ಆಮೇಲೆ ಪುಸ್ತಕದ ನಂಬರು, ಕಾರಣ ಕನ್ನಡದಲ್ಲಿ, ಸಾಲಿನ ನಂಬರು ಕೊನೆಗೆ. ಕಪಾಟಿನ ಪ್ರಕಾರ ವಿಂಗಡಿಸಿ ಪ್ರಿಂಟ್ ತೆಗೆದೆ. ಈಗ ಅವರು ಒಂದು ಕಪಾಟಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಒಂದೇ ಸಲಕ್ಕೆ ಮುಗಿಸುತ್ತಾರೆ. ಸರಿಯಾದ ಹೆಸರನ್ನು ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತಾರೆ. ನಾನು ಅದನ್ನು ತಿದ್ದುಪಡಿಯ ಫೈಲಿಗೆ ಹಾಕುತ್ತೇನೆ. ಮೂಲ ಫೈಲ್ ಮುಟ್ಟುವುದಿಲ್ಲ. ಓದುವಾಗ ಪುಸ್ತಕದ ನಂಬರು ತಿದ್ದುಪಡಿಯಲ್ಲಿದ್ದರೆ ಸ್ಕ್ರಿಪ್ಟ್ ಹೆಸರನ್ನು ಅಲ್ಲಿಂದ ತೆಗೆದುಕೊಳ್ಳುತ್ತದೆ.

ಹೊಸ ಪುಸ್ತಕಗಳಿಗೆ ಸ್ಪೇಸ್ ಎಣಿಸುವ ಶಿಕ್ಷೆ ತಪ್ಪಿಸಿದೆ. ಈಗ ಅವರು ನೇರ ಯೂನಿಕೋಡಿನಲ್ಲಿ, ವಿವರಗಳ ನಡುವೆ ಒಂದು ನೇರ ಗೆರೆ ಹಾಕಿ ಬರೆಯುತ್ತಾರೆ. ಹಳೇ ವಿಂಡೋಸಿನ ನೋಟ್‌ಪ್ಯಾಡ್ ಯುಟಿಎಫ್-8 ಅಂತ ಸೇವ್ ಮಾಡಿದರೆ ಫೈಲಿನ ತಲೆಯಲ್ಲಿ 239, 187, 191 ಅನ್ನುವ ಮೂರು ಕಾಣದ ಬೈಟ್ ಇಡುತ್ತದೆ. ಹಾಗೇ ಓದಿದರೆ ಮೊದಲ ಪುಸ್ತಕದ ನಂಬರಿಗೆ ಅವು ಅಂಟುತ್ತವೆ. ಪೈಥಾನಿನಲ್ಲಿ ಎನ್‌ಕೋಡಿಂಗನ್ನು ‘ಯುಟಿಎಫ್-8 ಸಿಗ್’ ಅಂತ ಕೊಟ್ಟರೆ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಈಗ ಶನಿವಾರ ರಾತ್ರಿ, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್ ಇದನ್ನು ಓಡಿಸುತ್ತದೆ. ಪಟ್ಟಿ ಮೊದಲು ತಾತ್ಕಾಲಿಕ ಹೆಸರಿನ ಫೈಲಿಗೆ ಬರೆಯಲ್ಪಡುತ್ತದೆ. ಓದಿದ ಸಾಲುಗಳ ಸಂಖ್ಯೆ, ಪಟ್ಟಿಗೆ ಹೋದವು ಮತ್ತು ಪಕ್ಕಕ್ಕೆ ಹೋದವುಗಳ ಮೊತ್ತಕ್ಕೆ ತಾಳೆಯಾಗಬೇಕು. ಆ 26ರ ಸಾಲೂ ಪಕ್ಕಕ್ಕೆ ಹೋದವುಗಳ ಲೆಕ್ಕದಲ್ಲೇ ಬರುತ್ತದೆ. ತಾಳೆಯಾದರೆ ಪೈಥಾನಿನ ‘ಓಎಸ್ ರಿಪ್ಲೇಸ್’ ಹಳೇ ಪಟ್ಟಿಯ ಜಾಗಕ್ಕೆ ಹೊಸದನ್ನು ಒಂದೇ ಏಟಿಗೆ ಕೂರಿಸುತ್ತದೆ, ಅರ್ಧ ಬರೆದ ಪಟ್ಟಿ ಯಾರ ಫೋನಿಗೂ ಹೋಗುವುದಿಲ್ಲ. ತಾಳೆಯಾಗದಿದ್ದರೆ ಹಳೇ ಪಟ್ಟಿಯೇ ಉಳಿಯುತ್ತದೆ, ನನಗೊಂದು ಮೇಲ್ ಬರುತ್ತದೆ. ಕಾದಂಬರಿಗಳ ಮೂರು ಕಪಾಟು ಮುಗಿದಿವೆ. ನಾಟಕದ ಕಪಾಟಿನ ಬೀಗದ ಕೈ ಖಜಾಂಚಿಗಳ ಹತ್ತಿರ ಇದೆಯಂತೆ, ಅವರು ಊರಿಂದ ಬಂದ ಮೇಲೆ ಅದು.